ಕಿಲೋಮೀಟರ್ ಎಣಿಸಬ್ಯಾಡ್ರಿ, ದಾಟೂ ರಸ್ತೆ ಎಣಿಸ್ರಿ

ನಮ್ಮ ಮಂದಿ ಬೆಂಗಳೂರಾಗ ಮನಿ ನೋಡೂ ಮುಂದ ಕೇಳೂ ಪ್ರಶ್ನೆ ನನಗ ಬಾಯಿಪಾಠ ಆಗ್ಯಾವ. ನೀರು ಬೋರಿಂದೋ, ಕಾವೇರಿದೋ? ಬಾಗಲಾ ಯಾ ದಿಕ್ಕಿಗೆ? ಲಿಫ್ಟ್ ಐತೇನು? ಕರೆಂಟ್ ಹೋದ್ರ ಜನರೇಟರ್ ಐತೇನು? ಬಾಡಿಗಿ ಎಷ್ಟು, ಅಡ್ವಾನ್ಸ್ ಎಷ್ಟು? ಕಡೀಕ ಎಲ್ಲಾಕ್ಕಿಂತ ದೊಡ್ಡ ಪ್ರಶ್ನೆ: ಅವರ ಆಫೀಸ್ ಎಷ್ಟು ದೂರ? "ಅವರ" ಅಂದ್ರ ಯಾರದು ಅಂತ ಬಿಡಿಸಿ ಹೇಳೂದು ಬ್ಯಾಡ. ನಾ ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆತು. ಆ ಮನಿಯಿಂದ ಹೆಣಮಗಳು ಹೊರಗ ಹೋಗೂದು ಹ್ಯಾಂಗ ಅಂತ ಕೇಳಿದವರನ್ನ ಒಬ್ಬರನ್ನೂ ನೋಡಿಲ್ಲ.

ಹೊರಗ ಹೋಗೂದು ಅಂದ್ರ ಊರಿಗೆ ಹೋಗೂದಲ್ಲ, ಮಾಲ್ ನೋಡಾಕ ಹೋಗೂದೂ ಅಲ್ಲ. ಕಾಯಿಪಲ್ಯೆ ತರೂದು, ಜ್ವಾಳ ಬೀಸಿಸಿಕೊಂಡು ಬರೂದು, ಕೂಸಿನ್ನ ಸಾಲಿಗೆ ಬಿಟ್ಟು ಕರಕೊಂಡು ಬರೂದು, ಗುಳಿಗಿ ತರೂದು, ಗೆಳತಿ ಮನಿಗೆ ಹೋಗಿ ಅರ್ಧಾ ತಾಸು ಕುಂತು ಬರೂದು. ಎಲ್ಲಾ ಸಣ್ಣ ಸಣ್ಣ ಓಡಾಟ. ಮನಿ ನಡಿಯೂದು ಇದರ ಮ್ಯಾಲ. ಈ ಓಡಾಟ ಸೈಕಲ್ ಮ್ಯಾಲ ಮಾಡೂ ಹೆಣಮಗಳಿಗೆ ಮನಿ ಯಾ ಬಡಾವಣ್ಯಾಗ ಐತಿ ಅನ್ನೂದು, ಬಾಗಲಾ ಯಾ ದಿಕ್ಕಿಗೆ ಐತಿ ಅನ್ನೂದಕ್ಕಿಂತ ಭಾಳ ದೊಡ್ಡ ಮಾತು.

ಈಗ ಯಾಕ ಈ ಜಗಳಾ ತಗದೀನಿ ಅಂದ್ರ, ನಮ್ಮ ಅಕ್ಕನ ಮಗಳು ಧಾರವಾಡ ಬಿಟ್ಟು ಇಲ್ಲಿಗೆ ಬರಾಕತ್ತಾಳ. ಅಳಿಯಂದು ಎಲೆಕ್ಟ್ರಾನಿಕ್ ಸಿಟಿಯೊಳಗ ನೌಕರಿ. ಮಗಳು ಎರಡನೇತ್ತ. ಸಪ್ತಾಪುರದಾಗ ಅಕಿ ಮನ್ಯಾಗ ಕುಬಸಾ ಹೊಲೀತಾಳ. ಅಳತಿ ತಗೊಳ್ಳಾಕ, ಹೊಲದದ್ದು ಮುಟ್ಟಸಾಕ, ಅಸ್ತರದ ಬಟ್ಟಿ ತರಾಕ ಸುಭಾಸ ರೋಡಿಗೆ, ಎಲ್ಲಾ ಸೈಕಲ್ ಮ್ಯಾಲ. ಧಾರವಾಡದ ಏರು ತುಳದು ಗಟ್ಟಿ ಆದ ಕಾಲು ಅವು. ಹಂಥಾ ಹುಡಿಗಿಗೆ ನಮ್ಮ ಮಂದಿ ಗೊತ್ತು ಮಾಡಿದ್ದು ಹೊಸೂರು ರಸ್ತೆಕ್ಕ ಹೊಂದಿ ಒಂದು ಅಪಾರ್ಟ್‌ಮೆಂಟು, 14ನೇ ಮಾಳಿಗಿ, ಜಿಮ್ಮು, ಈಜಾಡೂ ಹೊಂಡ. ಆಫೀಸಿಗೆ ಬರೇ ನಾಕು ಕಿಲೋಮೀಟರ್ ಅಂತ ಎಲ್ಲಾರೂ ಕುಣದ ಕುಣದ್ರು. "ಸೈಕಲ್ ಅಲ್ಲೇನ ಮಾಡ್ತಿ, ಮಾರಿ ಬಾ" ಅಂತ ದೊಡ್ಡವ್ವ ಹೇಳ್ಯಾಳಂತ.

ದೊಡ್ಡವ್ವ, ನಿನ್ನ ಮ್ಯಾಲ ಸಿಟ್ಟಿಲ್ಲ. ಖರೇನ ಆ ಮನ್ಯಾಗ ಸೈಕಲ್ಲಿಗೆ ಕೆಲಸಿಲ್ಲ. ಅದಕ್ಕ ನಾ ಹೇಳೂದು ಸೈಕಲ್ ಮಾರಬ್ಯಾಡ್ರಿ, ಆ ಮನಿ ಬಿಡ್ರಿ ಅಂತ.

ಮೊದಲ ಲೆಕ್ಕಾ ಮಾಡೂಣು. ಅಳಿಯ ವಾರಕ್ಕ ಐದು ದಿನಾ ಆಫೀಸಿಗೆ ಹೋಗ್ತಾನ, ಬರ್ತಾನ. ಹತ್ತು ಸಲ. ಅಕಿದು? ಕೂಸಿನ್ನ ಸಾಲಿಗೆ ಬಿಡೂದು, ತಿರುಗಿ ಬರೂದು, ಮತ್ತ ಕರಕೊಂಡು ಬರಾಕ ಹೋಗೂದು, ಬರೂದು. ದಿನಕ್ಕ ನಾಕು, ವಾರಕ್ಕ ಆರು ದಿನಾ ಅಂದ್ರ 24. ಕಾಯಿಪಲ್ಯೆಕ್ಕ ಮೂರು ದಿನಾ, ಹೋಗೂದು ಬರೂದು ಹಿಡದು 6. ಕಿರಾಣಿ, ಗುಳಿಗಿ ಅಂತ 4. ಗಿರಣಿಗೆ 2. ಹೊಲದ ಕುಬಸಾ ಮುಟ್ಟಸಾಕ 4. ಒಟ್ಟು 40. ಒಬ್ಬರು ವಾರಕ್ಕ 10 ಸಲ ಓಡಾಡ್ತಾರ, ಇನ್ನೊಬ್ಬರು 40 ಸಲ. ಮನಿ ಮಾತ್ರ ಆ 10ರ ಲೆಕ್ಕದ ಮ್ಯಾಲ ಹುಡುಕ್ತಾರ. ಇದು ಯಾ ಸೀಮಿ ನ್ಯಾಯ? ಅಳಿಯಗ ಪಗಾರ ಬರ್ತೈತಿ ಅಂತೀರೇನು? ಹುಡಿಗಿ ಹೊಲೀಗಿಲೇನೂ ರೊಕ್ಕಾ ಬರ್ತೈತಿ. ಅಕಿ ಓಡಾಟಾ ನಿಂತ್ರ ಆ ರೊಕ್ಕಾನೂ ನಿಂತು ಹೋಗ್ತೈತಿ. ಅದನ್ನ ಯಾರೂ ಬಾಡಿಗಿ ಲೆಕ್ಕದಾಗ ಬರದಿಲ್ಲ.

ಇನ್ನ ದೂರದ ಮಾತು. ನಡಕೊಂಡು ಹೋದ್ರ 15 ನಿಮಿಷಕ್ಕ ಒಂದು ಕಿಲೋಮೀಟರ್ ಆಗ್ತೈತಿ. ಸೈಕಲ್ ಮ್ಯಾಲ ಅವಸರಾ ಇಲ್ಲದ, ಸೆರಗು ಚೂಡಿದಾರದ ವೇಲು ಸಂಭಾಳಿಸಿಕೊಂಡು ಹೋದ್ರೂ ಅಷ್ಟ ಹೊತ್ತಿನ್ಯಾಗ ಮೂರು ಕಿಲೋಮೀಟರ್. ದೂರ ಮೂರು ಪಟ್ಟು ಆದ್ರ, ನಾಕೂ ದಿಕ್ಕಿಗೆ ನಮಗ ಸಿಗೂ ಊರು ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಒಂಬತ್ತು ಪಟ್ಟು ಅಂಗಡಿ, ಒಂಬತ್ತು ಪಟ್ಟು ಸಾಲಿ, ಒಂಬತ್ತು ಪಟ್ಟು ಕುಬಸಾ ಹೊಲಸೂ ಗಿರಾಕಿ. ಸೈಕಲ್ ಅಂದ್ರ ಇಷ್ಟು. ವ್ಯಾಯಾಮ ಅಲ್ಲ, ಶೋಕಿ ಅಲ್ಲ, ಪರಿಸರದ ಭಾಷಣನೂ ಅಲ್ಲ. ಯಾರನ್ನೂ "ಒಂಚೂರು ಬಿಟ್ಟು ಬರ್ತೀರೇನ್ರಿ" ಅಂತ ಕೇಳದ ಹೆಣಮಗಳು ಮುಟ್ಟೂ ಊರು.

ಆದ್ರ ಇಲ್ಲೊಂದು ಮಾತು ಐತಿ. ಆ ಮೂರು ಕಿಲೋಮೀಟರ್ ಲೆಕ್ಕಾ ನಿಲ್ಲೂದು ನಡುವ ಜೋರು ರಸ್ತೆ ಇಲ್ಲದಿದ್ರ ಮಾತ್ರ. ಮನಿ ಮುಂದ ಆರು ಪಟ್ಟಿ ರಸ್ತೆ ಇದ್ರ, ನಡುವ ಎದಿ ಮಟ ಕಟ್ಟಿ ಇದ್ರ, ಎದರಿಗಿ ಕಾಣೂ ಕಾಯಿಪಲ್ಯೆ ಅಂಗಡಿ ನೂರು ಹೆಜ್ಜಿಮ್ಯಾಲ ಇದ್ರೂ ಅದು ಬ್ಯಾರೆ ಊರಿದ್ದಂಗ. ಎಡಕ್ಕ ಒಂದು ಕಿಲೋಮೀಟರ್ ಹೋಗಿ, ಯೂ ಟರ್ನ್ ಮಾಡಿ, ಲಾರಿ ಬಸ್ಸಿನ ನಡುವ ಬಲಕ್ಕ ಸರದು, ಮತ್ತ ಒಂದು ಕಿಲೋಮೀಟರ್ ವಾಪಸ್ ಬರಬೇಕು. ಅದಕ್ಕ ನನ್ನ ಮಾತು ಒಂದ: ಕಿಲೋಮೀಟರ್ ಎಣಿಸಬ್ಯಾಡ್ರಿ. ಸಾಲಿಗೆ, ಕಾಯಿಪಲ್ಯೆಕ್ಕ, ಗಿರಣಿಗೆ, ದವಾಖಾನಿಗೆ, ಮೆಟ್ರೋಕ್ಕ ಹೋಗಾಕ ಎಷ್ಟು ಜೋರು ರಸ್ತೆ ದಾಟಬೇಕು, ಅದನ್ನ ಎಣಿಸ್ರಿ. ಒಂದು ಸೊನ್ನಿ ಬಂದ್ರ ಚಲೋ ಬಡಾವಣಿ. ಒಂದು ಬಂದ್ರ, ಅಲ್ಲಿ ಸಿಗ್ನಲ್ ಐತೇನು ಅಂತ ನೋಡ್ರಿ. ಎರಡು ಬಂದ್ರ ಆ ಮನಿ ಪುಕ್ಕಟ ಕೊಟ್ರೂ ಬ್ಯಾಡ.

ಯಾಕಂದ್ರ ವಾರಕ್ಕ 40 ಓಡಾಟಕ್ಕ ಒಂದೊಂದ ರಸ್ತೆ ದಾಟೂದಂತ ಹಿಡದ್ರೂ, ವರ್ಷಕ್ಕ 2,080 ಸಲ ಆತು. ಸಾಲಿ ಸೂಟಿ ತಗದು ಹಾಕ್ರಿ, ಆದ್ರೂ 1,700ರ ಮ್ಯಾಲ. ಸಾಲಿ ಓಡಾಟದಾಗ ಅರ್ಧಾ ಸಲ ಹಿಂದ ಕ್ಯಾರಿಯರ್ ಮ್ಯಾಲ ಕೂಸು ಇರ್ತೈತಿ. ಒಂದಿನಾ ಜೀಂವಾ ಕೈಯಾಗ ಹಿಡಕೊಂಡು ದಾಟಬಹುದು. 1,700 ಸಲ ಯಾರೂ ದಾಟಂಗಿಲ್ಲ. ಹದಿನೈದು ದಿನಕ್ಕ ಸೈಕಲ್ ಜಿನಿ ಕೆಳಗ ಹೋಗ್ತೈತಿ, ಗಾಲಿ ಹವಾ ಇಳೀತೈತಿ, ಅದರ ಮ್ಯಾಲ ಒಣಾಕ ಹಾಕಿದ ಅರಿವಿ ಬೀಳ್ತಾವ. ಆಮ್ಯಾಲ ಎಲ್ಲಾರೂ ಅಂತಾರ, "ನೋಡ್ರಿ, ಬೆಂಗಳೂರಿಗೆ ಬಂದಮ್ಯಾಲ ಅಕಿನ ಸೈಕಲ್ ಬಿಟ್ಟಳು." ಅಕಿ ಬಿಡಲಿಲ್ಲರೀ. ಮನಿ ಬಿಡಿಸ್ತು.

ಬಡಾವಣಿ ಎರಡು ಥರ ಇರ್ತಾವ. ಒಂದು ಚುಕ್ಕಿ ರಂಗೋಲಿ ಇದ್ದಂಗ. ಉದ್ದಕ್ಕ ಮೇನ್, ಅಡ್ಡಕ್ಕ ಕ್ರಾಸ್. ಒಂದು ಚುಕ್ಕಿಯಿಂದ ಇನ್ನೊಂದಕ್ಕ ಹೋಗಾಕ ಹತ್ತು ಹಾದಿ. ಒಂದ್ಯಾಗ ಕಾರು ಭಾಳ ಇದ್ರ ಬಾಜೂನ ಕ್ರಾಸ್ ಹಿಡದು ಹೋಗಬಹುದು. ಇನ್ನೊಂದು ಥರ ಹೂಜಿ ಇದ್ದಂಗ. ಒಳಗ ಹೊಟ್ಟಿ ಎಷ್ಟು ದೊಡ್ಡದಿದ್ರೂ ಬಾಯಿ ಒಂದ. ಹೊರಗ ಬರಬೇಕಂದ್ರ ಆ ಬಾಯಿಲೇನ ಬರಬೇಕು, ಬಂದಕೂಡಲೆ ಹೆದ್ದಾರಿಗೆ ಬೀಳಬೇಕು. ಕಾವಲುಗಾರ, ಗೇಟು ಇರೂ ದೊಡ್ಡ ಅಪಾರ್ಟ್‌ಮೆಂಟ್‌ಗಳು ಬಹಳಷ್ಟು ಈ ಹೂಜಿಗಳ. ಒಳಗ ಭಾಳ ಚಂದ. ಸೈಕಲ್ ಹೊಡಿಯಾಕ ಹಾದಿನೂ ಮಾಡಿರ್ತಾರ, ಗಿಡದ ಸುತ್ತ ಬಿಳಿ ಪಟ್ಟಿ ಎಳದು. ಅದರಾಗ ಹುಡುಗರು ಗಾಣದ ಎತ್ತಿನಂಗ ತಿರಗತಾವ. ಎಷ್ಟು ತಿರಗಿದ್ರೂ ಗೇಟ್ ತನಕ ಮಾತ್ರ.

ಎಲೆಕ್ಟ್ರಾನಿಕ್ ಸಿಟಿ ಕಡೆ ಹೊಸೂರು ರಸ್ತೆ ನೋಡಿದವರಿಗೆ ಗೊತ್ತು. ಮ್ಯಾಲ 2010ರಾಗ ಸುರುವಾದ ಉದ್ದನ್ನ ಮೇಲ್ಸೇತುವಿ, ಕೆಳಗ ಹೆದ್ದಾರಿ, ಬಾಜೂಕ ಮೆಟ್ರೋ ಕಂಬ. ಆ ಹೆದ್ದಾರಿ ಲಾರಿಗಳಿಗೆ ಮಾಡಿದ್ದು, ಕಂಪನಿ ಬಸ್ಸಿಗೆ ಮಾಡಿದ್ದು. ಕೊತ್ತಂಬರಿ ಸಿವುಡು ಬುಟ್ಟ್ಯಾಗ ಇಟಗೊಂಡು ಹೋಗೂ ಹೆಣಮಗಳಿಗೆ ಮಾಡಿದ್ದಲ್ಲ. ಇದು ಅಳಿಯನ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಆದ್ರ ಗೊತ್ತಿದ್ದೂ ಅಲ್ಲೇ ಮನಿ ಮಾಡೂದು ಐತೆಲ್ಲ, ಅದು ನಿಮ್ಮದ.

"ಹಂಗಾದ್ರ ಅವನು ದಿನಾ ಎರಡು ತಾಸು ಟ್ರಾಫಿಕ್ಕಿನ್ಯಾಗ ಸಾಯಬೇಕೇನ?" ಅಂತ ವೈನಿ ಕೇಳ್ತಾರ. ಇಲ್ಲ ವೈನಿ. 2025ರ ಆಗಸ್ಟ್ ತಿಂಗಳಾಗ ಹಳದಿ ಮೆಟ್ರೋ ಸುರುವಾಗೇತಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ತನಕ, ಸುಮಾರು 19 ಕಿಲೋಮೀಟರ್, 16 ನಿಲ್ದಾಣ. ನಡುವ ಎಲೆಕ್ಟ್ರಾನಿಕ್ ಸಿಟಿ ಬರ್ತೈತಿ. ಆರ್.ವಿ. ರಸ್ತೆ ಅಂದ್ರ ಜಯನಗರದ ಮಗ್ಗಲು. ದೂರದ ಓಡಾಟಕ್ಕ ರೈಲು ಐತಿ. ಅಳಿಯ ಸಾವಕಾಶ ಕುಂತೋ ನಿಂತೋ ಫೋನ್ ನೋಡಿಕೋತ ಹೋಗ್ಲಿ. ಕೊತ್ತಂಬರಿ ತರಾಕ, ಗಿರಣಿಗೆ ಹೋಗಾಕ ಮಾತ್ರ ಯಾ ಸರಕಾರನೂ ರೈಲು ಬಿಡಂಗಿಲ್ಲ. ಅದಕ್ಕ ಸಣ್ಣ ಓಡಾಟಕ್ಕ ಅನುಕೂಲ ಇದ್ದಲ್ಲಿ ಮನಿ ಮಾಡಿ, ದೊಡ್ಡ ಓಡಾಟಾ ರೈಲಿಗೆ ಬಿಡೂದು ಶಾಣ್ಯಾತನ. ನಮ್ಮ ಮಂದಿ ಇದನ್ನ ತಿರುವಿ ಮಾಡ್ತಾರ.

ಜಯನಗರದ್ದ ಮಾತು ಯಾಕ ಎತ್ತೀನಿ ಅಂದ್ರ, ಅದು 1948ರಾಗ ಸುರು ಮಾಡಿ ಲೆಕ್ಕಾ ಹಾಕಿ ಕಟ್ಟಿದ ಬಡಾವಣಿ. ಮೇನು, ಕ್ರಾಸು, ಬ್ಲಾಕು. ಮಲ್ಲೇಶ್ವರ, ಬಸವನಗುಡಿ ಇನ್ನೂ ಹಳೇವು. 1898ರ ಪ್ಲೇಗ್ ಬಂದಮ್ಯಾಲ, ಗಾಳಿ ಬೆಳಕು ಬೇಕಂತ ಬೆಳದ ಬಡಾವಣಿ. ರಾಜಾಜಿನಗರ, ವಿಜಯನಗರದಾಗನೂ ಇದ ಚುಕ್ಕಿ ರಂಗೋಲಿ ಭಾಳಷ್ಟು ಕಡೆ ಸಿಗ್ತೈತಿ. ಇಂಥಲ್ಲಿ ಒಂದು ಬ್ಲಾಕಿನ್ಯಾಗ ಸಾಲಿ, ಅಂಗಡಿ, ಗುಡಿ, ಗಿರಣಿ, ಟೇಲರಿಂಗ್ ಸಾಮಾನು ಎಲ್ಲಾ ಕ್ರಾಸಿನ್ಯಾಗ ಸಿಗ್ತಾವ. ಜಯನಗರ ಸ್ವರ್ಗ ಅಂತ ನಾ ಹೇಳಂಗಿಲ್ಲ. ರಸ್ತೆದ ಎರಡೂ ಕಡೆ ಕಾರು ನಿಂತಿರ್ತಾವ, ಯಾರರೆ ಬಾಗಲಾ ತಟ್ಟನ ತಗದ್ರ ನಾವು ನೆಲಕ್ಕ. ವರ್ಷಕ್ಕೊಮ್ಮೆ ಎಲ್ಲೆರೆ ರಸ್ತೆ ಅಗದಿರ್ತಾರ. ಕೆಲವು ಮೇನ್ ರೋಡು ಒನ್ ವೇ ಮಾಡ್ಯಾರ, ಅಲ್ಲಿ ಕಾರು ಬಾಣ ಬಿಟ್ಟಂಗ ಬರ್ತಾವ. ಆದ್ರ ಅಲ್ಲಿ ಬಾಜೂಕ ಇನ್ನೊಂದು ಹಾದಿ ಇರ್ತೈತಿ. ಹೂಜಿಯೊಳಗ ಅದ ಇರಂಗಿಲ್ಲ.

ಬಾಡಿಗಿ ಜಾಸ್ತಿ, ಮನಿ ಸಣ್ಣದು, ಖರೆ. 14ನೇ ಮಾಳಿಗ್ಯಾಗ ಮೂರು ಖೋಲಿ ಸಿಗೂ ರೊಕ್ಕಕ್ಕ ಇಲ್ಲಿ ಎರಡು ಖೋಲಿನೂ ಕಷ್ಟ. ಹಂಗಂತ ಅಲ್ಲಿ ಮುಗೀತೇನು? ಮನಿ ಹೊರಗ ಹೆಜ್ಜಿ ಇಡಾಕ ಆಗದವರು ಸಾಲಿ ವ್ಯಾನಿಗೆ ರೊಕ್ಕಾ ಕೊಡಬೇಕು, ಆಟೋಕ್ಕ ಕೊಡಬೇಕು, ಕಾಯಿಪಲ್ಯೆ ಮನಿಗೆ ತರಸಾಕ ಕೊಡಬೇಕು, ತಿಂಗಳಾ ಮೇಂಟೆನೆನ್ಸ್ ಅಂತ ಕೊಡಬೇಕು, ಎರಡು ವರ್ಷಕ್ಕ ಸ್ಕೂಟಿನೋ ಎರಡನೇ ಕಾರೋ ತಗೋಬೇಕು. ಜೊತಿಗೆ ಹುಡಿಗಿ ಹೊಲೀಗಿ ರೊಕ್ಕಾ ನಿಂತಿದ್ದು. ಒಂದು ಕಾಗದಾ ತಗೊಂಡು ಎರಡೂ ಮನಿದು ಪೂರಾ ತಿಂಗಳ ಖರ್ಚು ಎದರಾ ಬದರಾ ಬರೀರಿ. ಆಮ್ಯಾಲ ಯಾವುದು ತುಟ್ಟಿ ಅಂತ ಹೇಳ್ರಿ. ನಾ ಹೇಳಿ ಬರಿಸಿದ ಮೂರು ಮನ್ಯಾಗ ಎರಡರಾಗ ಹಳೇ ಬಡಾವಣಿಯ ಸಣ್ಣ ಮನಿನ ಅಗ್ಗ ಬಿತ್ತು.

ಏರು ಇಳಕಲದ್ದೂ ನೋಡಬೇಕು. ಬೆಂಗಳೂರು ಸಪಾಟ ಅಂತ ರೈಲಿನ್ಯಾಗ ಬಂದವರಿಗೆ ಅನಸ್ತೈತಿ. ಅಲ್ಲ. ಊರಿನ ನಡುವ ಒಂದು ದಿಬ್ಬ ಐತಿ. ಒಂದು ಕಡೆ ಬಿದ್ದ ಮಳಿ ವೃಷಭಾವತಿ, ಅರ್ಕಾವತಿ ಹಿಡದು ಕಾವೇರಿಗೆ ಹೋಗ್ತೈತಿ, ಇನ್ನೊಂದು ಕಡೇದು ದಕ್ಷಿಣ ಪಿನಾಕಿನಿಗೆ. ಅಂದ್ರ ದಿಬ್ಬದಿಂದ ಎರಡೂ ಕಡೆ ಇಳಕಲ ಇದ್ದ ಇರ್ತಾವ. ಬಸವನಗುಡಿ ಗುಡ್ಡದ ಆಜೂಬಾಜೂ, ಹನುಮಂತನಗರದ ಕಡೆ ಕೆಲವು ಕ್ರಾಸು ಧಾರವಾಡದವರಿಗೂ ತೇಕು ಹತ್ತಸ್ತಾವ. ಏರು ಇದ್ರ ಮನಿ ಬ್ಯಾಡ ಅಂತಲ್ಲ. ಏರು ಯಾ ಕಡೆ ಐತಿ ನೋಡ್ರಿ. ಅಂಗಡಿಗೆ ಹೋಗೂ ಮುಂದ ಏರು, ಬರೂ ಮುಂದ ಇಳಕಲ ಇದ್ರ ಚಲೋ. ಖಾಲಿ ಬುಟ್ಟಿ ಏರಸಬಹುದು. ಹತ್ತು ಕಿಲೋ ಹಿಟ್ಟು, ಮ್ಯಾಲ ಕೂಸು ಇಟಗೊಂಡು ಏರಸಾಕ ಆಗಂಗಿಲ್ಲ. ಭಾಳ ತಗ್ಗಿನ್ಯಾಗೂ ಬ್ಯಾಡ. 2022ರ ಸೆಪ್ಟೆಂಬರ್ ಮಳ್ಯಾಗ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಕೋಟಿ ಕೋಟಿ ಮನಿ ಮಂದಿ ಟ್ರ್ಯಾಕ್ಟರ್ ಹತ್ತಿ ಹೊರಗ ಬಂದದ್ದು ಟೀವ್ಯಾಗ ಎಲ್ಲಾರೂ ನೋಡೀರಿ.

ಮನಿಯೊಳಗ ಹೊಕ್ಕಮ್ಯಾಲ ಅಡಗಿಮನಿ ಕಟ್ಟಿ ನೋಡೂ ಮೊದಲ, ಸೈಕಲ್ ಎಲ್ಲಿ ನಿಲ್ಲಸೂದು ಅಂತ ಕೇಳ್ರಿ. ಕಾರಿಗೆ ಗೆರಿ ಹಾಕಿ ನಂಬರ್ ಬರದಿರ್ತಾರ, ಸೈಕಲ್ಲಿಗೆ "ಎಲ್ಲೆರೆ ಇಡ್ರಿ" ಅಂತಾರ. ಆ "ಎಲ್ಲೆರೆ" ಅನ್ನೂದು ಮಳಿ ಬೀಳೂ ಮೂಲಿ, ಇಲ್ಲಂದ್ರ ಮೂರನೇ ಮಾಳಿಗಿ. ನಮ್ಮ ಲೇಡೀಸ್ ಸೈಕಲ್ ಅಂದ್ರ ಚೈನ್ ಕವರು, ಮಡ್‌ಗಾರ್ಡು, ಬುಟ್ಟಿ, ಕ್ಯಾರಿಯರ್, ಸ್ಟ್ಯಾಂಡು ಎಲ್ಲಾ ಇರೂ ಗಟ್ಟಿ ಗಾಡಿ. ಅದನ್ನ ದಿನಾ ಮೆಟ್ಟಲಾ ಹತ್ತಸಿ ಇಳಸೂದು ಆಗೂದಲ್ಲ. ಇಳಸೂದು ಕಷ್ಟ ಆದ್ರ ಹೊರಗ ಹೋಗೂದು ಕಡಿಮಿ ಆಗ್ತೈತಿ. ಕೆಳಗ, ನೆರಳಾಗ, ಕೀಲಿ ಹಾಕಿ ಸರಪಳಿ ಬಿಗಿಯಾಕ ಒಂದು ಕಂಬ ಇರೂ ಜಾಗಾ ಬೇಕು. ಮನಿ ಮಾಲಕರ ಹತ್ರ ಮೊದಲ ಮಾತಾಡಿ ಗಟ್ಟಿ ಮಾಡಿಕೊಳ್ರಿ. ಒಬ್ಬ ದಲ್ಲಾಳಿ ನನಗ "ಸೈಕಲ್ಲಿಗೂ ಪಾರ್ಕಿಂಗ್ ಕೇಳ್ತಾರೇನಮ್ಮ" ಅಂತ ನಕ್ಕ. ನಗ್ಲಿ. ಅವನಿಗೆ ಒಂದು ತಿಂಗಳ ಬಾಡಿಗಿ ಕಮಿಷನ್ ಕೊಡೂದು ನಾವು.

ಸೈಕಲ್ ಅಂದಕೂಡಲೆ ಇನ್ನೊಂದು ಥರದ ಸಲಹೆನೂ ಬರ್ತೈತಿ, ಅದನ್ನೂ ಕೇಳಬ್ಯಾಡ್ರಿ. ಭಾನುವಾರ ನಸಕಿನ್ಯಾಗ ಐದು ಗಂಟೇಕ್ಕ ಎದ್ದು, ಹೆಲ್ಮೆಟ್ಟು, ಮೈಗೆ ಅಂಟೂ ಚಡ್ಡಿ ಹಾಕ್ಕೊಂಡು ನಂದಿ ಬೆಟ್ಟಕ್ಕ ಹೋಗೂ ಗಂಡಸರದು. ಅವರ ಸೈಕಲ್ ಬೆಲಿಗೆ ನಮ್ಮ ಕಡೆ ಎರಡು ಎಮ್ಮಿ ಬರ್ತಾವ. ಯಾ ಕಡೆ ಮನಿ ಮಾಡಬೇಕು ಅಂತ ಅವರನ್ನ ಕೇಳಿದ್ರ ಯಲಹಂಕ ಕಡೆ, ಕನಕಪುರ ರಸ್ತೆ ಕಡೆ ಅಂತಾರ, ಊರ ಹೊರಗ ರಸ್ತೆ ಲಗೂನ ಸಿಗ್ತೈತಿ ಅಂತ. ಅವರಿಗೆ ಸರಿ. ಅವರು ಊರು ಬಿಟ್ಟು ಹೋಗಾಕ ಸೈಕಲ್ ತುಳೀತಾರ, ನಾವು ಊರೊಳಗ ಇರಾಕ ತುಳೀತೀವಿ. ಅವರಿಗೆ ವಾರಕ್ಕ ಒಂದು ಮುಂಜಾನಿ ಖಾಲಿ ರಸ್ತೆ ಬೇಕು, ನಮಗ ಆರು ದಿನಾ ಸಂಜೀ ಮುಂದ ಸಾವಕಾಶ ಹೋಗೂ ರಸ್ತೆ ಬೇಕು. ಎರಡೂ ಸೈಕಲ್ಲ, ಆದ್ರ ಬಡಾವಣಿ ಬ್ಯಾರೆ.

ಸೈಕಲ್ ಪಟ್ಟಿ ಬಣ್ಣಾ ನೋಡಿನೂ ಮನಿ ಮಾಡಬ್ಯಾಡ್ರಿ. ಜಯನಗರದಾಗ 2012ರ ಸುಮಾರಿಗೆ ಸೈಕಲ್ ಹಾದಿ ಮಾಡಿದ್ರು. ಅದರ ಮ್ಯಾಲ ಕಾರು ನಿಂತು, ಬಣ್ಣಾ ಅಳಿಸಿ ಹೋತು. 2020ರಾಗ ಔಟರ್ ರಿಂಗ್ ರೋಡಿನ್ಯಾಗ ಗೂಟಾ ನಟ್ಟು ಸೈಕಲ್ಲಿಗೆ ಅಂತ ಹಾದಿ ಬಿಟ್ರು. ಗೂಟಾ ಮುರದು, ಮೆಟ್ರೋ ಕೆಲಸ ಬಂದು, ಅದೂ ಹೋತು. ಮೈಸೂರಾಗ 2017ರಾಗ "ಟ್ರಿಣ್ ಟ್ರಿಣ್" ಅಂತ ಬಾಡಿಗಿ ಸೈಕಲ್ ತಂದ್ರು, ಚಲೋ ಕೆಲಸ. ಆದ್ರ ಸರಕಾರ ಸೈಕಲ್ ಕೊಡಲಿ, ಪಟ್ಟಿ ಎಳೀಲಿ, ನಮ್ಮ ಮನಿಯಿಂದ ಸಾಲಿ ತನಕ ಹಾದಿ ಹ್ಯಾಂಗ ಐತಿ ಅನ್ನೂದ ಕಡೀಕ ಉಳಿಯೂ ಮಾತು. ಬಣ್ಣಾ ಹೋದಮ್ಯಾಲನೂ ಕ್ರಾಸು ಇರ್ತಾವ. ಅದಕ್ಕ ಬಣ್ಣಾ ನಂಬಬ್ಯಾಡ್ರಿ, ಕ್ರಾಸು ನಂಬ್ರಿ.

ಇನ್ನ ಸ್ಕೂಟಿ. "ಒಂದು ಸ್ಕೂಟಿ ಕೊಡಸ್ತೀವಿ, ಮುಗೀತು" ಅಂತಾರ. ಕೊಡಸ್ರಿ, ಬ್ಯಾಡ ಅಂದವರು ಯಾರು? ಆದ್ರ ಸ್ಕೂಟಿ ಕೊಟ್ರ ರಸ್ತೆ ಸಣ್ಣದಾಗಂಗಿಲ್ಲ. ಸೈಕಲ್ಲಿಗೆ ಅಂಜಿಕಿ ಬರೂ ರಸ್ತೆ ಸ್ಕೂಟಿಗೂ ಅಂಜಿಕಿ. ಎರಡನೇ ಮಾತು, ಕೂಸು. ಈಗ ಎರಡನೇತ್ತ. ಇನ್ನ ನಾಕು ವರ್ಷಕ್ಕ ಅದು ತಾನ ಸೈಕಲ್ ಹೊಡಕೊಂಡು ಗೆಳತಿ ಮನಿಗೆ ಹೋಗೂ ವಯಸ್ಸು. ಚುಕ್ಕಿ ರಂಗೋಲಿ ಬಡಾವಣ್ಯಾಗ ಹೋಗ್ತೈತಿ. ಹೂಜ್ಯಾಗ ಇದ್ರ ಹದಿನೆಂಟು ತುಂಬಿ ಲೈಸನ್ಸ್ ಬರೂತನಕ ಅವ್ವನ ಸ್ಕೂಟಿ ಹಿಂದ ಕುಂದರಬೇಕು. ಮನಿ ಅವ್ವಗಷ್ಟ ಆರಸಾಕತ್ತಿಲ್ಲ, ಮಗಳಿಗೂ ಆರಸಾಕತ್ತೀವಿ.

"ಬೆಂಗಳೂರಾಗ ಸೈಕಲ್ ಹೊಡಿಯೂದು ಅಪಾಯ" ಅನ್ನೂ ಮಾತು ಉಳೀತು. ಹೌದು, ಅಪಾಯ ಐತಿ. ಅದಕ್ಕ ಇಷ್ಟೆಲ್ಲಾ ಹೇಳಾಕತ್ತೀನಿ. ಅಪಾಯ ಇಡೀ ಊರಾಗ ಒಂದ ಸಮ ಇರಂಗಿಲ್ಲ, ಜೋರು ರಸ್ತೆ ದಾಟೂ ಜಾಗಾದಾಗ ಗುಂಪು ಕಟ್ಟಿಕೊಂಡು ಕುಂತಿರ್ತೈತಿ. ಆ ಜಾಗಾ ದಾಟದಂಗ ಮನಿ ಮಾಡಿದ್ರ ಅರ್ಧಾ ಅಂಜಿಕಿ ಹೋಗ್ತೈತಿ. "ಅಪಾಯ" ಅಂತ ಸೈಕಲ್ ಕಸಗೊಳ್ಳೂ ಮಂದಿ, ಅಪಾಯದ ರಸ್ತೆಗೆ ಹೊಂದಿದ ಮನಿ ತಾವ ಆರಿಸಿ ಕೊಡ್ತಾರಲ್ಲ, ಅದು ನನಗ ತಿಳಿಯಂಗಿಲ್ಲ.

ಹಂಗಾರ ಮನಿ ನೋಡೂದು ಹ್ಯಾಂಗ? ಭಾನುವಾರ ಹೋಗಬ್ಯಾಡ್ರಿ, ಅವತ್ತು ಎಲ್ಲಾ ಬಡಾವಣಿನೂ ಶಾಂತ ಇರ್ತಾವ. ಸೋಮವಾರ ಮುಂಜಾನಿ ಎಂಟೂವರಿಗೆ ಹೋಗ್ರಿ, ಸಾಲಿ ವ್ಯಾನು ಓಡೂ ಹೊತ್ತಿಗೆ. ಮತ್ತ ಸಂಜೀ ಮುಂದ ಆರೂವರಿಗೆ. ಯಾವ ರಸ್ತೆ ದಾಟಬೇಕೋ ಅದರ ದಂಡಿಗೆ ಹತ್ತು ನಿಮಿಷ ಸುಮ್ಮನ ನಿಂದರ್ರಿ. ಕೈಯಾಗ ಚೀಲಾ ಹಿಡಕೊಂಡ ಮುದಕಿ ಹ್ಯಾಂಗ ದಾಟತಾಳ ನೋಡ್ರಿ. ಓಡಿದ್ರ ಆ ಮನಿ ಬ್ಯಾಡ. ಯಾರು ಸೈಕಲ್ ಮ್ಯಾಲ ಹೊಂಟಾರ ನೋಡ್ರಿ. ಪೇಪರ್ ಹಾಕೂ ಹುಡುಗ, ಕೆಲಸಕ್ಕ ಹೋಗೂ ಗಂಡಸು ಎಲ್ಲಾ ಕಡೆ ಇರ್ತಾರ, ಅವರಿಗೆ ಬ್ಯಾರೆ ದಾರಿ ಇಲ್ಲ. ಸಾಲಿ ಬಿಟ್ಟಮ್ಯಾಲ ದೊಡ್ಡವರು ಜೊತಿಗಿಲ್ಲದ ಸೈಕಲ್ ಹೊಡಿಯೂ ಹುಡುಗರು, ಬುಟ್ಟ್ಯಾಗ ಕಾಯಿಪಲ್ಯೆ ಇಟಗೊಂಡ ಹೆಣಮಕ್ಕಳು ಕಂಡ್ರ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಪಂಕ್ಚರ್ ತಿದ್ದೂ ಅಂಗಡಿ ಎಲ್ಲೈತಿ ಕೇಳ್ರಿ. ಸೈಕಲ್ ಪಂಕ್ಚರ್ ಮಾಡೂ ಅಂಗಡಿ ಇನ್ನೂ ನಡದೈತಿ ಅಂದ್ರ ಆ ಕಡೆ ಸೈಕಲ್ ಇನ್ನೂ ಜೀಂವಂತ ಐತಿ ಅಂತರ್ಥ. ಬೀದಿ ದೀಪ ಹತ್ತತಾವೇನು, ಕತ್ತಲಾದಮ್ಯಾಲ ಅಂಗಡಿ ತಗದಿರ್ತಾವೇನು, ಬೀದಿ ನಾಯಿ ಎಷ್ಟು, ಇದನ್ನೂ ನೋಡ್ರಿ. ಮೆಟ್ರೋ ನಿಲ್ದಾಣದಾಗ ಸೈಕಲ್ ನಿಲ್ಲಸಾಕ ಜಾಗಾ ಐತೇನು ಕೇಳ್ರಿ, ಯಾಕಂದ್ರ ಮಡಚೂ ಸೈಕಲ್ ಬಿಟ್ರ ನಮ್ಮಂಥಾ ಸೈಕಲ್ ರೈಲಿನೊಳಗ ಒಯ್ಯಾಕ ಬಿಡಂಗಿಲ್ಲ. ಇಷ್ಟು ನೋಡಿದಮ್ಯಾಲ ಬೇಕಾದ್ರ ಬಾಗಲಾ ಯಾ ದಿಕ್ಕಿಗೆ ಐತಿ ಅಂತ ನೋಡ್ರಿ.

ಕಡೀಕ ಒಂದು ಮಾತು, ಇದು ನಮ್ಮ ಎಲ್ಲಾ ಅಕ್ಕ ತಂಗ್ಯಾರಿಗೆ. 2006-07ರಿಂದ ನಮ್ಮ ರಾಜ್ಯದಾಗ ಎಂಟನೇತ್ತ ಹುಡಿಗ್ಯಾರಿಗೆ ಸರಕಾರ ಸೈಕಲ್ ಕೊಡಾಕ ಸುರು ಮಾಡ್ತು. ಹಳ್ಳಿ ಹಳ್ಳಿಯೊಳಗ ಹುಡಿಗ್ಯಾರು ಸಾಲು ಸಾಲು ಸೈಕಲ್ ಮ್ಯಾಲ ಸಾಲಿಗೆ ಹೋಗೂದು ನೋಡಿ ನಾವೆಲ್ಲಾ ಸಂತೋಷ ಪಟ್ವಿ. ಆ ಹುಡಿಗ್ಯಾರಿಗೆ ಈಗ ಮೂವತ್ತು ದಾಟೇತಿ. ಮದಿವಿ ಆಗಿ, ಊರು ಬಿಟ್ಟು, ಇಂಥಾ ದೊಡ್ಡ ಊರಿಗೆ ಬಂದಾರ. ಅವರಾಗ ಎಷ್ಟು ಮಂದಿ ಇನ್ನೂ ಸೈಕಲ್ ಹೊಡೀತಾರ? ನಮ್ಮ ಓಣ್ಯಾಗ ಹಂಥಾವರು ಆರು ಮಂದಿ ಅದಾರ, ಹೊಡಿಯೂಕಿ ಒಬ್ಬಾಕಿ. ಉಳದವರಿಗೆ ಯಾರೂ ಬ್ಯಾಡ ಅಂದಿಲ್ಲ, ಬೈದಿಲ್ಲ, ಸೈಕಲ್ ಮುರದಿಲ್ಲ. ಬರೇ ಮನಿ ಹಂಥಾ ಜಾಗಾದಾಗ ಮಾಡಿದ್ರು. ಸಾಲಿ ಹುಡಿಗಿಗೆ ಸರಕಾರ ಕೊಟ್ಟಿದ್ದನ್ನ ಸಂಸಾರ ಮಾಡೂ ಮುಂದ ಮನ್ಯಾವರ ಕಸಗೊಂಡ್ರು, ಕಸಗೊಂಡೀವಿ ಅಂತ ಅವರಿಗೂ ಗೊತ್ತಾಗಲಿಲ್ಲ.

ಅಕ್ಕಾ, ನಿನ್ನ ಮಗಳ ಮನಿಗೆ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲಂತ ಕೇಳೀನಿ. ಚಲೋ ಆತು. ಅಳಿಯನ್ನ ಕರಕೊಂಡು ಬಾ, ದೊಡ್ಡವ್ವನ್ನೂ ಕರಕೊಂಡು ಬಾ. ಸೋಮವಾರ ಮುಂಜಾನಿ ಎಂಟೂವರಿಗೆ ಹೊಸೂರು ರಸ್ತೆಕ್ಕ ಹೋಗಿ ಹತ್ತು ನಿಮಿಷ ನಿಂದರೂಣು. ಅಲ್ಲಿಂದ ಹಳದಿ ಮೆಟ್ರೋ ಹತ್ತಿ ಆರ್.ವಿ. ರಸ್ತೆಗೆ ಬಂದು, ಕ್ರಾಸಿನ್ಯಾಗ ಮನಿ ನೋಡೂಣು. ಹುಡಿಗಿಗೆ ನನ್ನ ಸೈಕಲ್ ಕೊಡ್ತೀನಿ, ಅಕಿನ ಹೊಡದು ನೋಡ್ಲಿ. ಅಂದಂಗ ಧಾರವಾಡದ ಸೈಕಲ್ ಮಾರಬ್ಯಾಡ್ರಿ. ಸಾಮಾನಿನ ಲಾರ್ಯಾಗ ಗಾದಿ ಹಾಸಿ ಮ್ಯಾಲ ಮಲಗಸ್ರಿ, ಹ್ಯಾಂಡಲ್ ಅಡ್ಡ ತಿರುವಿದ್ರ ಜಾಗಾ ಭಾಳ ಹಿಡಿಯಂಗಿಲ್ಲ.